ಕೇಳುವುದಕ್ಕೂ ಒಂದು ಕ್ರಮವಿದೆ

(ಶಿವಮೊಗ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು, ಪೋಷಕರು ಮತ್ತು ಮದ್ರಸಾ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಅಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹ್.

ಪ್ರಶ್ನೆ ಕೇಳಿದರೆ ಈಮಾನ್ (ನಂಬಿಕೆ) ಹೋಗುತ್ತದೆ ಎಂದು ಹೆದರುವವರು ಮೊದಲು ಕುರ್‌ಆನನ್ನೇ ತೆರೆದು ನೋಡಬೇಕು. 'ಅವರು ನಿಮ್ಮಲ್ಲಿ ಕೇಳುತ್ತಾರೆ' ಎಂಬ ಮಾತು, 'ಯಸ್‌ಅಲೂನಕ', ಅದರಲ್ಲಿ 15 ಸಲ ಬರುತ್ತದೆ. ಏನೇನು ಕೇಳಿದರು? ಬಾಲಚಂದ್ರನ ಬಗ್ಗೆ ಕೇಳಿದರು. ದಾನಕ್ಕೆ ಏನು ಕೊಡಬೇಕು, ಮದ್ಯ ಮತ್ತು ಜೂಜು ಹೇಗೆ, ಅನಾಥ ಮಕ್ಕಳ ಆಸ್ತಿಯನ್ನು ನಮ್ಮದರ ಜೊತೆ ಸೇರಿಸಿಕೊಳ್ಳಬಹುದೇ, ಮುಟ್ಟಿನ ದಿನಗಳಲ್ಲಿ ಏನು ಮಾಡಬೇಕು, ಯಾವುದನ್ನು ತಿನ್ನಬಹುದು, ಆತ್ಮ ಎಂದರೆ ಏನು, ಕಿಯಾಮತ್ (ಲೋಕಾಂತ್ಯದ ದಿನ) ಯಾವಾಗ, ಎಲ್ಲವನ್ನೂ ಕೇಳಿದರು. ಕಿಯಾಮತ್ ದಿನ ಈ ಬೆಟ್ಟಗಳ ಗತಿ ಏನು ಎಂದೂ ಕೇಳಿದರು. ಮಲೆನಾಡಿನವರಿಗೆ ಈ ಕೊನೆಯ ಪ್ರಶ್ನೆ ಹಿಡಿಸೀತು! ಉತ್ತರ ಸೂರಾ (ಅಧ್ಯಾಯ) ತಾಹಾದಲ್ಲಿದೆ: ಅವುಗಳನ್ನು ಧೂಳು ಮಾಡಿ ತೂರಲಾಗುವುದು, ಏರು ತಗ್ಗಿಲ್ಲದ ಬಯಲು ಉಳಿಯುವುದು.

ಕೇಳಿದವರಲ್ಲಿ ಸಹಾಬಿಗಳೂ (ಪ್ರವಾದಿವರ್ಯರ ಸಂಗಾತಿಗಳು) ಇದ್ದರು, ಪ್ರವಾದಿವರ್ಯರನ್ನು (ಸ) ಪರೀಕ್ಷಿಸಿಯೇ ನೋಡೋಣ ಎಂದು ಕೇಳಿದ ವಿರೋಧಿಗಳೂ ಇದ್ದರು. ಇಬ್ಬರಿಗೂ ಉತ್ತರ ಬಂತು. ಆದರೆ ಉತ್ತರದ ರೀತಿ ಒಂದೇ ಅಲ್ಲ. ಮುಟ್ಟಿನ ಪ್ರಶ್ನೆಗೆ ನೇರವಾದ ವಿಧಿ ಸಿಕ್ಕಿತು. ಚಂದ್ರನ ಪ್ರಶ್ನೆಗೆ ಅದರಿಂದ ಜನರಿಗೆ ಆಗುವ ಉಪಯೋಗ ಸಿಕ್ಕಿತು: ಅದು ಕಾಲ ಲೆಕ್ಕ ಹಾಕಲು, ಹಜ್ಜಿನ ಸಮಯ ತಿಳಿಯಲು. ಆತ್ಮದ ಪ್ರಶ್ನೆಗೆ 'ನಿಮಗೆ ಕೊಟ್ಟಿರುವ ಜ್ಞಾನ ಸ್ವಲ್ಪವೇ' ಎಂಬ ಮಾತು ಸಿಕ್ಕಿತು. ಕಿಯಾಮತ್ ಯಾವಾಗ ಎಂದದ್ದಕ್ಕೆ, ಅದರ ತಿಳಿವು ಅಲ್ಲಾಹನ ಬಳಿ ಮಾತ್ರ ಎಂದು ಬಾಗಿಲೇ ಮುಚ್ಚಿತು. ಅಂದರೆ ಪ್ರಶ್ನೆಯ ಬಗೆ ಬೇರೆಯಾದರೆ ಉತ್ತರದ ಬಗೆಯೂ ಬೇರೆ. ಇವತ್ತು ನಾವು ಹೇಳಬೇಕೆಂದಿರುವುದು ಇದನ್ನೇ. ಪ್ರಶ್ನೆ ಕೇಳಿ ಕೆಟ್ಟವರಿಗಿಂತ ಪ್ರಶ್ನೆಯನ್ನು ತಪ್ಪು ಬಾಗಿಲಿಗೆ ಒಯ್ದು ಕೆಟ್ಟವರು ಹೆಚ್ಚು.

ಸೂರಾ ಬಕರಾದಲ್ಲಿಯೇ ಇಬ್ಬರು ಪ್ರಶ್ನೆಗಾರರು ಸಿಗುತ್ತಾರೆ. ಒಬ್ಬರು ಪ್ರವಾದಿ ಇಬ್ರಾಹೀಮರು (ಅ). 260ನೇ ವಚನ. "ನನ್ನ ಪ್ರಭೂ, ಸತ್ತವರನ್ನು ನೀನು ಹೇಗೆ ಬದುಕಿಸುತ್ತೀಯೆಂದು ನನಗೆ ತೋರಿಸು." ಅಲ್ಲಾಹನು "ನಿನಗೆ ನಂಬಿಕೆಯಿಲ್ಲವೇ?" ಎಂದು ಕೇಳುತ್ತಾನೆ. "ಇದೆ, ಆದರೆ ನನ್ನ ಮನಸ್ಸು ನೆಮ್ಮದಿಗೊಳ್ಳಲಿ ಎಂದು" ಎನ್ನುತ್ತಾರೆ. ಆ ಮೇಲೆ ನಾಲ್ಕು ಹಕ್ಕಿಗಳ ಪ್ರಸಂಗ ಬರುತ್ತದೆ. ಬದುಕಿಸುತ್ತೀಯೋ ಇಲ್ಲವೋ ಎಂದು ಅವರು ಕೇಳಲಿಲ್ಲ, ಹೇಗೆ ಎಂದು ಕೇಳಿದರು. ನಂಬಿಕೆ ಇದ್ದವನಿಗೂ ನೆಮ್ಮದಿ ಬೇಕಾಗುತ್ತದೆ, ಅದನ್ನು ಕೇಳಿ ಪಡೆಯಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಇನ್ನೊಂದು ಕಡೆ 67ನೇ ವಚನದಿಂದ ಹಸುವಿನ ಪ್ರಸಂಗ. ಒಂದು ಹಸುವನ್ನು ಬಲಿ ಕೊಡಿ ಎಂದು ಪ್ರವಾದಿ ಮೂಸಾ (ಅ) ತಮ್ಮ ಜನರಿಗೆ ಹೇಳಿದರು. ಯಾವುದೋ ಒಂದು ಹಸು ಕೊಟ್ಟಿದ್ದರೂ ಆಗುತ್ತಿತ್ತು ಎನ್ನುತ್ತಾರೆ ವ್ಯಾಖ್ಯಾನಕಾರರು. ಆ ಜನ ಮೊದಲು "ನಮ್ಮನ್ನು ತಮಾಷೆ ಮಾಡುತ್ತೀರಾ?" ಎಂದರು. ಆಮೇಲೆ ಅದು ಎಂಥದ್ದು ಎಂದರು. ಮುದಿಯೂ ಅಲ್ಲ, ಎಳೆಯದೂ ಅಲ್ಲ, ನಡುಪ್ರಾಯದ್ದು ಎಂದಾಯಿತು. ಬಣ್ಣ? ನೋಡುವವರಿಗೆ ಹಿತವಾಗುವ ಹೊಳೆಯುವ ಹಳದಿ. ಇನ್ನೂ ಸ್ಪಷ್ಟವಾಗಲಿಲ್ಲವಲ್ಲ? ಉಳುಮೆಗೆ ಹೂಡದ, ನೀರು ಎತ್ತದ, ಮೈಮೇಲೆ ಕಲೆಯಿಲ್ಲದ್ದು. ಪ್ರತಿ ಪ್ರಶ್ನೆಗೂ ಕೆಲಸ ಕಷ್ಟವಾಗುತ್ತ ಹೋಯಿತು. ಕಡೆಗೆ ಕೊಟ್ಟರು, ಕೊಡದೆಯೇ ಉಳಿಯುವಷ್ಟರಲ್ಲಿದ್ದರು ಎಂದು ಕುರ್‌ಆನ್ ಹೇಳುತ್ತದೆ.

ಹೊರಗಿನಿಂದ ನೋಡಿದರೆ ಎರಡೂ ಪ್ರಶ್ನೆಯೇ. ಒಳಗೆ ಒಂದು ಹತ್ತಿರ ಬರಲು ಕೇಳಿದ್ದು, ಇನ್ನೊಂದು ಜಾರಿಕೊಳ್ಳಲು ಕೇಳಿದ್ದು. ನಮ್ಮದು ಯಾವುದೆಂದು ಪರೀಕ್ಷಿಸಲು ಒಂದು ಉಪಾಯವಿದೆ. ಉತ್ತರ ಇವತ್ತು ಸಂಜೆಯೇ ಸಿಕ್ಕಿತು ಎಂದಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ನಾನು ಮಾಡುವುದರಲ್ಲಿ ಏನಾದರೂ ಬದಲಾಗುತ್ತದೆಯೇ? ಬದಲಾಗುತ್ತದೆ ಎಂದಾದರೆ ಕೇಳಿ. ಏನೂ ಬದಲಾಗುವುದಿಲ್ಲ, ಇನ್ನೊಂದು ಪ್ರಶ್ನೆ ಹುಟ್ಟುತ್ತದೆ ಅಷ್ಟೇ ಎಂದಾದರೆ ಮೊದಲು ನಿಯ್ಯತ್ (ಉದ್ದೇಶ) ಸರಿಮಾಡಿಕೊಳ್ಳಿ. ಬಡ್ಡಿ ಸಾಲದ ವಿಷಯಕ್ಕೆ ನಾಲ್ಕು ಊರಿನ ನಾಲ್ಕು ಮುಫ್ತಿಗಳಿಗೆ (ಧರ್ಮವಿಧಿಯ ತೀರ್ಪು ಹೇಳುವ ವಿದ್ವಾಂಸರು) ಫೋನ್ ಮಾಡಿ, ತನಗೆ ಬೇಕಾದ ಉತ್ತರ ಸಿಕ್ಕ ಕಡೆ ನಿಲ್ಲಿಸುವವರನ್ನು ನೀವೂ ನೋಡಿರುತ್ತೀರಿ. ಅವರ ಪ್ರಶ್ನೆಗೆ ಉತ್ತರ ಮೊದಲೇ ನಿಗದಿಯಾಗಿರುತ್ತದೆ, ಸಹಿ ಹಾಕುವವರು ಮಾತ್ರ ಬೇಕಾಗಿರುತ್ತದೆ.

ಇಲ್ಲಿ ಯಾರಾದರೂ ಸೂರಾ ಮಾಇದಾದ 101ನೇ ವಚನವನ್ನು ಎತ್ತುತ್ತಾರೆ: 'ಬಯಲಾದರೆ ನಿಮಗೆ ಕಷ್ಟವಾಗುವ ವಿಷಯಗಳ ಬಗ್ಗೆ ಕೇಳಬೇಡಿ.' ಮಕ್ಕಳ ಬಾಯಿ ಮುಚ್ಚಿಸಲು ಈ ವಚನ ಬಳಕೆಯಾದಷ್ಟು ಬೇರೆ ಯಾವುದೂ ಆಗಿಲ್ಲವೇನೋ. ಅದು ವಹ್ಯ್ (ದೇವವಾಣಿ) ಇಳಿಯುತ್ತಿದ್ದ ಕಾಲದ ಮಾತು ಎಂಬುದು ಅದೇ ವಚನದಲ್ಲಿ ಇದೆ. ಹಜ್ಜ್ ಕಡ್ಡಾಯವಾಯಿತು ಎಂದು ಪ್ರವಾದಿವರ್ಯರು (ಸ) ತಿಳಿಸಿದಾಗ ಒಬ್ಬರು "ಪ್ರತಿ ವರ್ಷವೇ?" ಎಂದರು. ಪ್ರವಾದಿವರ್ಯರು (ಸ) ಸುಮ್ಮನಿದ್ದರು. ಮೂರು ಸಲ ಕೇಳಿದ ಮೇಲೆ, "ನಾನು ಹೌದು ಎಂದಿದ್ದರೆ ಅದು ಕಡ್ಡಾಯವಾಗಿಬಿಡುತ್ತಿತ್ತು, ನಿಮ್ಮಿಂದ ಆಗುತ್ತಿರಲಿಲ್ಲ" ಎಂದರು. ಇದು ಸಹೀಹ್ ಮುಸ್ಲಿಮ್ ಎಂಬ ಹದೀಸ್ (ಪ್ರವಾದಿವರ್ಯರ ನುಡಿ ನಡೆಗಳ) ಸಂಗ್ರಹದಲ್ಲಿದೆ. ಇಲ್ಲದ ಹೊರೆಯನ್ನು ಕೇಳಿ ತರಿಸಿಕೊಳ್ಳಬೇಡಿ ಎಂಬುದು ಇದರ ತಿರುಳು. 'ನಿಮಗೆ ತಿಳಿಯದಿದ್ದರೆ ತಿಳಿದವರಲ್ಲಿ ಕೇಳಿ' ಎಂದು ಸೂರಾ ನಹ್ಲ್ 43ರಲ್ಲಿ ಆಜ್ಞೆಯೇ ಇರುವಾಗ, ಮಾಇದಾದ ಒಂದು ವಚನ ಹಿಡಿದು ಕೇಳುವುದನ್ನೇ ನಿಲ್ಲಿಸಲು ಬರುವುದಿಲ್ಲ.

ಕೇಳದೆ ಉಳಿದರೆ ಏನಾಗುತ್ತದೆ? ಅಬೂ ದಾವೂದ್ ಸಂಗ್ರಹದಲ್ಲಿ ಒಂದು ಹದೀಸ್ ಇದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ರಾತ್ರಿ ಅವರಿಗೆ ಗುಸ್ಲ್ (ಶುದ್ಧಿಗಾಗಿ ಮಾಡುವ ಪೂರ್ತಿ ಸ್ನಾನ) ಕಡ್ಡಾಯವಾಯಿತು. ತಯಮ್ಮುಮ್ (ನೀರಿನ ಬದಲು ಮಣ್ಣಿನಿಂದ ಶುದ್ಧಿ) ಮಾಡಿದರೆ ಸಾಕೇ ಎಂದು ಜೊತೆಗಿದ್ದವರನ್ನು ಕೇಳಿದರು. ನೀರು ಇದೆಯಲ್ಲ, ವಿನಾಯಿತಿ ಇಲ್ಲ ಎಂದುಬಿಟ್ಟರು ಅವರು. ಸ್ನಾನ ಮಾಡಿದರು, ತೀರಿಹೋದರು. ಸುದ್ದಿ ತಿಳಿದಾಗ ಪ್ರವಾದಿವರ್ಯರು (ಸ) ಆಡಿದ ಮಾತು ಬಹಳ ಕಟುವಾದದ್ದು: "ಅವರು ಅವನನ್ನು ಕೊಂದರು. ತಿಳಿಯದಿದ್ದರೆ ಕೇಳಬಾರದಿತ್ತೇ? ಅಜ್ಞಾನಕ್ಕೆ ಮದ್ದು ಕೇಳುವುದೇ." ಗಮನಿಸಿ, ಗಾಯಾಳು ಕೇಳಿದ್ದ. ತಪ್ಪಿದ್ದು ಉತ್ತರ ಕೊಟ್ಟವರು. ತಾವು ಇನ್ನೊಬ್ಬರನ್ನು ಕೇಳದೆ, ಗೊತ್ತಿದ್ದವರ ಹಾಗೆ ಹೇಳಿದರು.

ನಾಚಿಕೆಯದ್ದು ಇನ್ನೊಂದು ತೊಡಕು. ಉಮ್ಮು ಸುಲೈಮ್ (ರ) ಪ್ರವಾದಿವರ್ಯರ (ಸ) ಬಳಿಗೇ ಬಂದು, "ಅಲ್ಲಾಹನು ಸತ್ಯದ ವಿಷಯದಲ್ಲಿ ನಾಚುವುದಿಲ್ಲ" ಎಂದು ಪೀಠಿಕೆ ಹಾಕಿ, ಸ್ವಪ್ನಸ್ಖಲನವಾದರೆ ಹೆಣ್ಣಿಗೂ ಗುಸ್ಲ್ ಕಡ್ಡಾಯವೇ ಎಂದು ಕೇಳಿದರು. ಹೌದು, ದ್ರವ ಕಂಡರೆ ಕಡ್ಡಾಯ ಎಂಬ ಉತ್ತರ ಬಂತು. ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ (ರ) ಹೊಗಳಿದ್ದು ಇದಕ್ಕೇ: ಧರ್ಮ ಅರಿಯಲು ಅವರಿಗೆ ನಾಚಿಕೆ ಅಡ್ಡ ಬರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ಮುಟ್ಟು, ಬಾಣಂತನ, ಬಿಳಿಸ್ರಾವದ ಪ್ರಶ್ನೆಗಳು ಅಮ್ಮನ ತನಕ ಬಂದು ಅಲ್ಲೇ ನಿಲ್ಲುತ್ತವೆ. ಅಮ್ಮನಿಗೆ ಗೊತ್ತಿಲ್ಲದಿದ್ದರೆ ಅಜ್ಜಿ ಹೇಳಿದ್ದೇ ಶಾಸ್ತ್ರ. ಹತ್ತಿರದಲ್ಲಿ ಆಲಿಮಾ (ಧರ್ಮವಿದ್ವಾಂಸೆ) ಓದಿದವರು ಯಾರಿದ್ದಾರೆ ಎಂದು ಪ್ರತಿ ಜಮಾಅತಿನವರೂ ತಿಳಿದುಕೊಂಡು ಹೆಣ್ಣುಮಕ್ಕಳಿಗೆ ತಿಳಿಸಲಿ. ಇಲ್ಲದಿದ್ದರೆ ಚೀಟಿ ಬರೆದು ಅಣ್ಣನ ಕೈಲಿ ಕಳಿಸುವುದಕ್ಕಿಂತ ಹಜ್ರತರ (ಮಸೀದಿಯ ಗುರುಗಳ) ಮನೆಯವರ ಮೂಲಕ ಕಳಿಸುವುದು ಸಲೀಸು. ಈ ಪ್ರಶ್ನೆಗಳಲ್ಲಿ ದಿನದ ಲೆಕ್ಕ ಮುಖ್ಯ. ಹನಫಿ, ಶಾಫಿಈ ಎಂಬುವು ಎರಡು ಮದ್‌ಹಬ್, ಅಂದರೆ ಧರ್ಮವಿಧಿಯ ಪರಂಪರೆಗಳು. ಹನಫಿಗಳಲ್ಲಿ ಮುಟ್ಟು ಕನಿಷ್ಠ 3 ದಿನ, ಗರಿಷ್ಠ 10 ದಿನ. ಶಾಫಿಈಗಳಲ್ಲಿ ಕನಿಷ್ಠ ಒಂದು ಹಗಲು ಒಂದು ರಾತ್ರಿ, ಗರಿಷ್ಠ 15 ದಿನ. ಆದ್ದರಿಂದ ಶುರುವಾದ ತಾರೀಖು, ನಿಂತ ತಾರೀಖು, ಹೋದ ತಿಂಗಳಿನ ಅಭ್ಯಾಸ, ಈ ಮೂರನ್ನೂ ಬರೆಯದೆ ಕೇಳಿದರೆ ಯಾರಿಂದಲೂ ಉತ್ತರ ಹೇಳಲಾಗದು.

ಮಸಲೆಯ ಪ್ರಶ್ನೆ: ವಿವರ ಪೂರ್ತಿ ಇರಲಿ

ಪ್ರಶ್ನೆಗಳಲ್ಲಿ ಮೂರು ಬಗೆ. ಏನು ಮಾಡಬೇಕು ಎನ್ನುವುದು ಮಸಲೆ. ನಿಜವೇ ಎನ್ನುವುದು ಸಂಶಯ. ನನಗೇ ಏಕೆ ಎನ್ನುವುದು ನೋವು. ಮಸಲೆಗೆ ಮುಫ್ತಿ ಬೇಕು, ಸಂಶಯಕ್ಕೆ ಓದಿಕೊಂಡ, ತಾಳ್ಮೆಯಿರುವ ಆಲಿಮ್ (ಧರ್ಮವಿದ್ವಾಂಸ) ಬೇಕು, ನೋವಿಗೆ ಮೊದಲು ಪಕ್ಕದಲ್ಲಿ ಕೂರುವ ಮನುಷ್ಯ ಬೇಕು. ಮಗನನ್ನು ಕಳೆದುಕೊಂಡ ತಾಯಿ "ಅಲ್ಲಾಹ್ ಹೀಗೇಕೆ ಮಾಡಿದ" ಎಂದಾಗ ಅದನ್ನು ಮಸಲೆ ಎಂದುಕೊಂಡು "ಹಾಗೆಲ್ಲ ಹೇಳಬಾರದು, ಗುನಾಹ್" ಎನ್ನುವುದು ಎಲ್ಲಕ್ಕಿಂತ ಕೆಟ್ಟ ಅದಲುಬದಲು.

ಮಸಲೆಯಿಂದ ಶುರು ಮಾಡೋಣ. ಇದರಲ್ಲಿ ಕೆಡುವುದು ಹೆಚ್ಚಾಗಿ ವಿವರದ ಕೊರತೆಯಿಂದ. ಮಳೆಗಾಲದಲ್ಲಿ ತೋಟಕ್ಕೆ ಔಷಧಿ ಹೊಡೆಯಲು ಹೋದವರ ಕಾಲಿಗೆ ಇಂಬಳ (ಜಿಗಣೆ) ಹತ್ತುವುದು ನಮಗೆ ದಿನದ ಮಾತು. "ಇಂಬಳ ಕಚ್ಚಿದರೆ ವುಝೂ ಹೋಗುತ್ತಾ?" (ವುಝೂ ಎಂದರೆ ನಮಾಝಿಗೆ ಮೊದಲು ಅಂಗಗಳನ್ನು ತೊಳೆದು ಪಡೆಯುವ ಶುದ್ಧಿ) ಎಂದಷ್ಟೇ ಕೇಳಿದರೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಹನಫಿ ಫಿಕ್‌ಹ್ (ಧರ್ಮವಿಧಿ) ಗ್ರಂಥಗಳು ಜಿಗಣೆಯ ಹೆಸರು ಹಿಡಿದೇ ಇದನ್ನು ಚರ್ಚಿಸಿವೆ. ಅದು ರಕ್ತ ಹೀರಿ ಹೊಟ್ಟೆ ತುಂಬಿಸಿಕೊಂಡಿದ್ದರೆ ವುಝೂ ಮುರಿಯುತ್ತದೆ, ಏಕೆಂದರೆ ಅಷ್ಟು ರಕ್ತ ತಾನಾಗಿ ಹೊರಬಂದಿದ್ದರೆ ಹರಿಯುತ್ತಿತ್ತು. ದೊಡ್ಡ ಉಣುಗಿಗೂ ಇದೇ ವಿಧಿ. ಸೊಳ್ಳೆ, ನೊಣ, ಸಣ್ಣ ಉಣುಗಿನಿಂದ ಮುರಿಯುವುದಿಲ್ಲ. ಇಂಬಳ ಈಗಷ್ಟೇ ಹತ್ತಿ, ಹೀರುವ ಮೊದಲೇ ಕಿತ್ತು ಬಿಸಾಕಿದರೆ, ರಕ್ತ ಹರಿಯದಿದ್ದರೆ, ವುಝೂ ಉಳಿಯಿತು. ಆದರೆ ಇಂಬಳ ಬಿಟ್ಟ ಮೇಲೂ ಗಾಯ ಬಹಳ ಹೊತ್ತು ಜಿನುಗುತ್ತದೆ, ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಹಾಗೆ ಹರಿದರೆ ಹನಫಿಗೆ ವುಝೂ ಹೋಯಿತು. ಒತ್ತಿ ಹಿಡಿದು, ರಕ್ತ ನಿಲ್ಲಿಸಿ, ತೊಳೆದುಕೊಂಡು ಮತ್ತೆ ವುಝೂ ಮಾಡಬೇಕು. ಬಟ್ಟೆಗೆ ತಾಗಿದ ರಕ್ತ ಅಂಗೈ ಗುಳಿಯಷ್ಟು ಅಗಲಕ್ಕಿಂತ ಹೆಚ್ಚಾದರೆ ಆ ಬಟ್ಟೆಯಲ್ಲಿ ನಮಾಝ್ ಆಗದು. ಅದೇ ತೋಟದಲ್ಲಿ ಪಕ್ಕದ ಸಾಲಿನಲ್ಲಿರುವ ಬ್ಯಾರಿ ಹುಡುಗ ಶಾಫಿಈ. ಅವನಿಗೆ ಗಾಯದ ರಕ್ತದಿಂದ ವುಝೂ ಮುರಿಯುವುದೇ ಇಲ್ಲ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ.

ಹಾಗಾಗಿ ಪ್ರಶ್ನೆ ಹೀಗಿರಲಿ: "ನಾನು ಹನಫಿ. ಝುಹರ್ (ಮಧ್ಯಾಹ್ನದ) ನಮಾಝ್ ಮುಗಿದ ಮೇಲೆ ನೋಡಿದರೆ ಮೀನಖಂಡದಲ್ಲಿ ಇಂಬಳ ಹತ್ತಿ ದಪ್ಪಗಾಗಿತ್ತು. ಯಾವಾಗ ಹತ್ತಿತೋ ಗೊತ್ತಿಲ್ಲ. ವುಝೂ ಮಾಡುವಾಗ ಕಾಲು ತೊಳೆದಾಗ ಕಂಡಿರಲಿಲ್ಲ. ಆ ನಮಾಝನ್ನು ಮತ್ತೆ ಮಾಡಬೇಕೇ?" ಇಲ್ಲಿ ಮದ್‌ಹಬ್, ಘಟನೆ, ಸಮಯ, ಗೊತ್ತಿರುವುದು, ಗೊತ್ತಿಲ್ಲದಿರುವುದು, ಆಗಲೇ ಮಾಡಿಬಿಟ್ಟ ಕೆಲಸ, ಎಲ್ಲವೂ ಇದೆ. ಮುಫ್ತಿ ಒಂದು ಸಾಲಿನಲ್ಲಿ ಉತ್ತರಿಸಬಲ್ಲರು.

ದುಡ್ಡಿನ ವಿಷಯದಲ್ಲಿ ವಿವರ ಇನ್ನೂ ಹೆಚ್ಚು ಬೇಕು. "ಅಡಿಕೆಗೆ ಝಕಾತ್ ಇದೆಯಾ?" (ಝಕಾತ್ ಎಂದರೆ ಕಡ್ಡಾಯ ದಾನ) ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷವೂ ಅರ್ಧಂಬರ್ಧ. ಕೇಳುವವರು ತೋಟದವರೋ, ಚೇಣಿದಾರರೋ (ಮರದ ಮೇಲಿನ ಫಸಲನ್ನು ಗುತ್ತಿಗೆ ಹಿಡಿದವರು), ಮಂಡಿಯಲ್ಲಿ ವ್ಯಾಪಾರ ಮಾಡುವವರೋ? ವ್ಯಾಪಾರಿಯಾದರೆ ಗೋದಾಮಿನಲ್ಲಿರುವ ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳೆಲ್ಲ ವ್ಯಾಪಾರದ ಸರಕು. ನಿಸಾಬ್ (ಝಕಾತ್ ಕಡ್ಡಾಯವಾಗುವ ಮಿತಿ), ಅಂದರೆ 612.36 ಗ್ರಾಂ ಬೆಳ್ಳಿಯ ಬೆಲೆ, ಮೀರಿದ್ದರೆ ಚಾಂದ್ರಮಾನ ವರ್ಷ ತುಂಬಿದ ದಿನದ ಮಾರುಕಟ್ಟೆ ಬೆಲೆಗೆ ಲೆಕ್ಕ ಹಾಕಿ ನಲವತ್ತರಲ್ಲಿ ಒಂದು ಪಾಲು, 2.5 ಶೇಕಡಾ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದ ಪುಸ್ತಕ ನೋಡಿ ಝಕಾತ್ ತೆಗೆಯುವವರು ವರ್ಷಕ್ಕೆ ಸುಮಾರು 11 ದಿನ ಹಿಂದೆ ಬೀಳುತ್ತಾರೆ, 33 ವರ್ಷಕ್ಕೆ ಒಂದು ಪೂರ್ತಿ ಝಕಾತ್ ತಪ್ಪುತ್ತದೆ. ತೋಟದವರಾದರೆ ಮಾತು ಬೇರೆ. ಇಮಾಮ್ ಅಬೂ ಹನೀಫಾರ ಪ್ರಕಾರ ಭೂಮಿಯ ಬೆಳೆಗೆ ಉಶ್ರ್ (ಬೆಳೆಯ ಝಕಾತ್) ಇದೆ: ಮಳೆಯ ನೀರಾದರೆ ಹತ್ತರಲ್ಲಿ ಒಂದು, ನಾವೇ ಹಾಯಿಸಿದ ನೀರಾದರೆ ಇಪ್ಪತ್ತರಲ್ಲಿ ಒಂದು, ಎರಡೂ ಇದ್ದರೆ ವರ್ಷದಲ್ಲಿ ಯಾವುದು ಹೆಚ್ಚೋ ಅದು. ಮಲೆನಾಡಿನ ತೋಟಕ್ಕೆ ಮಳೆಗಾಲ ಪೂರ್ತಿ ಆಕಾಶದ ನೀರು, ಬೇಸಿಗೆಗೆ ಪಂಪ್‌ಸೆಟ್. ಹಾಗಾಗಿ ಎಷ್ಟು ತಿಂಗಳು ಮೋಟಾರ್ ಓಡಿಸಿದಿರಿ ಎಂದು ಹೇಳಲೇಬೇಕು. ಭಾರತದ ಜಮೀನು ಉಶ್ರಿಗೆ ಸೇರುತ್ತದೆಯೇ ಎಂಬಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವೂ ಇದೆ. ಶಾಫಿಈ ಪ್ರಕಾರ ಬೆಳೆಯ ಝಕಾತ್ ಇರುವುದು ದಾಸ್ತಾನು ಮಾಡಬಹುದಾದ ಹೊಟ್ಟೆಪಾಡಿನ ಧಾನ್ಯ, ಖರ್ಜೂರ, ದ್ರಾಕ್ಷಿಗೆ. ಅಡಿಕೆ ಅದರಲ್ಲಿ ಬರುವುದಿಲ್ಲ. ಅಲ್ಲಿ ಮಾರಿ ಬಂದ ಹಣ ವರ್ಷವಿಡೀ ಉಳಿದರೆ ಅದಕ್ಕೆ ಝಕಾತ್.

ಚೇಣಿ ವ್ಯವಹಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಣ್ಣಿನ ಗುಣ ಕಾಣಿಸಿಕೊಳ್ಳುವ ಮೊದಲು ಮರದ ಮೇಲಿನ ಫಸಲನ್ನು ಮಾರುವುದನ್ನು ಪ್ರವಾದಿವರ್ಯರು (ಸ) ತಡೆದಿದ್ದಾರೆ, ಬುಖಾರಿ ಮತ್ತು ಮುಸ್ಲಿಮ್ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಚೇಣಿ ಮಾತಾಡಿದಾಗ ಮರದಲ್ಲಿ ಸಿಂಗಾರ (ಅಡಿಕೆಯ ಹೂ) ಮಾತ್ರ ಇತ್ತೇ, ಕಾಯಿ ಕಟ್ಟಿತ್ತೇ, ಬಲಿತಿತ್ತೇ? ಇಡೀ ತೋಟಕ್ಕೆ ಇಷ್ಟು ಎಂದು ಮಾತಾಯಿತೇ, ಇಲ್ಲ ಹಸಿ ಕಾಯಿಯ ತೂಕಕ್ಕೆ ಇಂತಿಷ್ಟು ಒಣ ಅಡಿಕೆ ಎಂದಾಯಿತೇ? ಎರಡನೆಯದಾದರೆ ಅದು ಮಾರಾಟವೋ, ಸುಲಿದು ಬೇಯಿಸಿ ಒಣಗಿಸಿಕೊಡುವ ಕೂಲಿಯ ಒಪ್ಪಂದವೋ? ಒಂದೇ ವಸ್ತುವನ್ನು ಹಸಿ ಕೊಟ್ಟು ಒಣಗಿದ್ದು ಪಡೆಯುವುದರಲ್ಲಿ ಬಡ್ಡಿಯ ಚರ್ಚೆ ಬರುತ್ತದೆ. ಹಸಿ ಖರ್ಜೂರವನ್ನು ಒಣ ಖರ್ಜೂರಕ್ಕೆ ಮಾರಬಹುದೇ ಎಂದು ಪ್ರವಾದಿವರ್ಯರನ್ನು (ಸ) ಕೇಳಿದಾಗ ಅವರು ಉತ್ತರಿಸುವ ಮೊದಲು ತಾವೇ ಒಂದು ಪ್ರಶ್ನೆ ಕೇಳಿದರು: "ಒಣಗಿದಾಗ ಅದು ಕಡಿಮೆಯಾಗುತ್ತದೆಯೇ?" ಹೌದು ಎಂದರು ಜನ. ಹಾಗಾದರೆ ಬೇಡ ಎಂದರು. ಇಮಾಮ್ ಅಬೂ ಹನೀಫಾರ ಅಭಿಪ್ರಾಯ ಇಲ್ಲಿ ಬೇರೆಯಿದೆ, ಆದ್ದರಿಂದ ನಿಮ್ಮ ಒಪ್ಪಂದದ ಬಗ್ಗೆ ಈ ವೇದಿಕೆಯಿಂದ ಫತ್ವಾ ಕೊಡುವುದಿಲ್ಲ. ನಮ್ಮ ಮಾತು ಇಷ್ಟೇ: ವಿವರ ಕೇಳದೆ ಉತ್ತರ ಹೇಳುವವರ ಬಗ್ಗೆ ಎಚ್ಚರವಿರಲಿ. ಎರಡು ಮರುಪ್ರಶ್ನೆ ಹಾಕುವ ಮುಫ್ತಿ ನಿಮ್ಮನ್ನು ಕಾಡುತ್ತಿಲ್ಲ, ಕೆಲಸ ಸರಿಯಾಗಿ ಮಾಡುತ್ತಿದ್ದಾರೆ.

ಮೊಬೈಲಿನಲ್ಲಿ ಹುಡುಕಿದರೆ ಆಗುವುದಿಲ್ಲವೇ ಎನ್ನುತ್ತೀರಿ. ಆಗುತ್ತದೆ, ಆದರೆ ಅದು ನಿಮ್ಮ ಮದ್‌ಹಬ್ ಕೇಳುವುದಿಲ್ಲ. ನಮಾಝಿನ ಆ್ಯಪ್‌ಗಳನ್ನೇ ನೋಡಿ. ಅಸರಿನ (ಸಂಜೆಯ ಮುಂಚಿನ ನಮಾಝಿನ) ಸಮಯ ಶಾಫಿಈಗಳಿಗೆ ನೆರಳು ವಸ್ತುವಿನ ಒಂದರಷ್ಟಾದಾಗ, ಹನಫಿಗಳಿಗೆ ಎರಡರಷ್ಟಾದಾಗ, ಮಧ್ಯಾಹ್ನದ ನೆರಳು ಬಿಟ್ಟು. ಶಿವಮೊಗ್ಗದಲ್ಲಿ ಈ ಎರಡರ ನಡುವೆ ಋತು ನೋಡಿಕೊಂಡು ಸುಮಾರು 50ರಿಂದ 70 ನಿಮಿಷ ವ್ಯತ್ಯಾಸ ಬರುತ್ತದೆ. ಆ್ಯಪಿನ ಸೆಟ್ಟಿಂಗ್ ಬದಲಿಸದ ಹುಡುಗ ಮಸೀದಿಯವರು ತಡವಾಗಿ ಅಝಾನ್ ಕೊಡುತ್ತಾರೆ ಎಂದು ಜಗಳಕ್ಕೇ ನಿಂತಾನು.

ಸಂಶಯ ಬಂದಾಗ

ಮನಸ್ಸಿಗೆ ಬರುವ ಸಂಶಯಗಳಲ್ಲಿ ವಸ್‌ವಸಾ ಬೇರೆ, ಶುಬ್‌ಹಾ ಬೇರೆ. ಎರಡನ್ನೂ ಒಂದೇ ಎಂದುಕೊಂಡವರು ಎರಡರಲ್ಲೂ ಸೋಲುತ್ತಾರೆ.

ವಸ್‌ವಸಾ ಎಂದರೆ ಕರೆಯದೆ ಬರುವುದು. ಹೆಚ್ಚಾಗಿ ನಮಾಝಿಗೆ ನಿಂತಾಗಲೇ ಬರುತ್ತದೆ. ಅದಕ್ಕೆ ಆಧಾರ ಇರುವುದಿಲ್ಲ, ಉತ್ತರ ಕೊಟ್ಟರೂ ಹೋಗುವುದಿಲ್ಲ, ಬಂದಾಗ ಮನಸ್ಸಿಗೆ ಅಸಹ್ಯವಾಗುತ್ತದೆ. ಸಹಾಬಿಗಳಿಗೂ ಬಂದಿತ್ತು. "ಬಾಯಿಬಿಟ್ಟು ಹೇಳಲಾಗದಂಥದ್ದು ಮನಸ್ಸಿಗೆ ಬರುತ್ತದೆ" ಎಂದು ಅವರು ಹೇಳಿಕೊಂಡಾಗ ಪ್ರವಾದಿವರ್ಯರು (ಸ), "ಹಾಗನಿಸಿತೇ? ಅದೇ ಸ್ಪಷ್ಟವಾದ ಈಮಾನ್" ಎಂದರು. ಆ ಅಸಹ್ಯವೇ ಈಮಾನಿನ ಗುರುತು ಎಂದು ವಿದ್ವಾಂಸರು ವಿವರಿಸಿದ್ದಾರೆ. ಇದನ್ನು ಸೃಷ್ಟಿಸಿದ್ದು ಯಾರು, ಅದನ್ನು ಯಾರು ಎನ್ನುತ್ತ ಕಡೆಗೆ ನಿನ್ನ ಪ್ರಭುವನ್ನು ಯಾರು ಸೃಷ್ಟಿಸಿದರು ಎಂಬಲ್ಲಿಗೆ ಶೈತಾನ್ ತರುತ್ತಾನೆ ಎಂಬ ಹದೀಸ್ ಬುಖಾರಿಯಲ್ಲಿದೆ. ಅಲ್ಲಿ ಹೇಳಿದ ಮದ್ದು ಎರಡೇ: ಅಲ್ಲಾಹನ ರಕ್ಷಣೆ ಬೇಡು, ಅಲ್ಲಿಗೆ ನಿಲ್ಲಿಸು. ವಸ್‌ವಸಾದ ಜೊತೆ ವಾದಕ್ಕೆ ಕೂತವನು ರಾತ್ರಿಯೆಲ್ಲ ಕೂರಬೇಕಾಗುತ್ತದೆ. ವುಝೂ ಹೋಯಿತೋ ಏನೋ ಎಂಬ ಗುಮಾನಿಗೂ ಅಷ್ಟೆ: ಸದ್ದು ಕೇಳದೆ, ವಾಸನೆ ಬಾರದೆ ನಮಾಝ್ ಬಿಡಬೇಡಿ ಎಂಬುದು ಪ್ರವಾದಿ ವಚನ. ಖಚಿತವಾಗಿ ಇದ್ದದ್ದು ಗುಮಾನಿಯಿಂದ ಹೋಗುವುದಿಲ್ಲ. ಅಂಗಗಳನ್ನು ಮೂರು ಸಲ ತೊಳೆದ ಮೇಲೆ ನಲ್ಲಿ ನಿಲ್ಲಿಸಬೇಕು. ಅರ್ಧ ಗಂಟೆಯಾದರೂ ವುಝೂ ಮುಗಿಯದ ಮಕ್ಕಳು ಮನೆಯಲ್ಲಿದ್ದರೆ ಬೈಯಬೇಡಿ, ಮನೋವೈದ್ಯರಿಗೆ ತೋರಿಸಿ. ಅದು ಕಾಯಿಲೆಯಾಗಿರಬಹುದು, ಔಷಧಿಯಿದೆ, ಔಷಧಿ ತೆಗೆದುಕೊಂಡರೆ ತವಕ್ಕುಲ್ (ಅಲ್ಲಾಹನ ಮೇಲಿನ ಭರವಸೆ) ಕಡಿಮೆಯಾಗುವುದಿಲ್ಲ.

ಶುಬ್‌ಹಾ ಹಾಗಲ್ಲ. ಅದಕ್ಕೊಂದು ಮೂಲ ಇರುತ್ತದೆ: ಒಂದು ವಿಡಿಯೋ, ತರಗತಿಯಲ್ಲಿ ಗೆಳೆಯ ಹೇಳಿದ ಮಾತು, ಓದಿದ ಒಂದು ಸಾಲು. ಇದಕ್ಕೆ 'ಅಊದು ಬಿಲ್ಲಾಹ್' (ಅಲ್ಲಾಹನ ರಕ್ಷಣೆ ಬೇಡುತ್ತೇನೆ) ಹೇಳಿ ಸುಮ್ಮನಾದರೆ ಅದು ಒಳಗೇ ಕೂತು ಬೆಳೆಯುತ್ತದೆ. ಮೊದಲು ಅದನ್ನು ಕಾಗದದ ಮೇಲೆ ಒಂದೇ ವಾಕ್ಯದಲ್ಲಿ ಬರೆಯಿರಿ. ಬರೆಯಲು ಕೂತಾಗಲೇ ಅರ್ಧದಷ್ಟು ಗೊಂದಲ ಕರಗುತ್ತದೆ, ಏಕೆಂದರೆ ಹಲವು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆಮೇಲೆ ಮೂಲ ಹುಡುಕಿ. 'ಸಿಕ್ಕಲ್ಲಿ ಕೊಲ್ಲಿ ಎಂದು ಕುರ್‌ಆನಿನಲ್ಲಿದೆ' ಎಂದು ಯಾರೋ ಹೇಳಿದರೆ ಯಾವ ಸೂರಾ, ಎಷ್ಟನೇ ವಚನ ಎಂದು ಕೇಳಿ. ಬಕರಾ 191 ಎನ್ನುತ್ತಾರೆ. ಹಿಂದಿನ 190 ಓದಿ: 'ನಿಮ್ಮೊಡನೆ ಯುದ್ಧ ಮಾಡುವವರೊಡನೆ ಯುದ್ಧ ಮಾಡಿ, ಮಿತಿ ಮೀರಬೇಡಿ, ಮಿತಿ ಮೀರುವವರನ್ನು ಅಲ್ಲಾಹ್ ಮೆಚ್ಚುವುದಿಲ್ಲ.' ಮುಂದಿನ 192: 'ಅವರು ನಿಲ್ಲಿಸಿದರೆ ಅಲ್ಲಾಹ್ ಕ್ಷಮಿಸುವವನು.' ಎರಡು ವಚನ ಹಿಂದೆ, ಎರಡು ಮುಂದೆ ಓದುವ ಅಭ್ಯಾಸವೊಂದಿದ್ದರೆ ಸಾಕು, ಎಷ್ಟೋ ಶುಬ್‌ಹಾಗಳು ಅಲ್ಲೇ ನಿಲ್ಲುತ್ತವೆ. ನಿಲ್ಲದ್ದನ್ನು ಆಲಿಮರ ಬಳಿ ಒಯ್ಯಿರಿ, ಒಂದು ಸಲಕ್ಕೆ ಒಂದೇ. ರಾತ್ರಿ ಹನ್ನೆರಡರ ಮೇಲೆ ಹಾಸಿಗೆಯಲ್ಲಿ ಮಲಗಿ ಒಂದರ ಹಿಂದೆ ಒಂದು ವಿಡಿಯೋ ನೋಡುವುದು ವಿಚಾರಣೆಯಲ್ಲ. ಉತ್ತರ ಸಿಗುವತನಕ ನಮಾಝ್ ಬಿಡಬೇಡಿ. ಗಣಿತದ ಒಂದು ಲೆಕ್ಕ ಬಾರದಿದ್ದರೆ ಯಾರೂ ಶಾಲೆ ಬಿಡುವುದಿಲ್ಲ.

ಸಹಪಾಠಿಗಳು ಕೇಳುವ ಪ್ರಶ್ನೆಗಳೂ ಇರುತ್ತವೆ: ಉಪವಾಸದಲ್ಲಿ ನೀರೂ ಕುಡಿಯುವುದಿಲ್ಲವಾ, ಏಕೆ? ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದಿದ್ದರೆ "ಕೇಳಿ ಹೇಳ್ತೀನಿ ಮಾರಾಯ" ಎನ್ನಿ, ನಿಜವಾಗಿಯೂ ಕೇಳಿ ಹೇಳಿ.

ನೋವಿನ ಪ್ರಶ್ನೆ

ಮಂಗನ ಕಾಯಿಲೆ ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರು ಹೊತ್ತಿದೆ, 1957ರಲ್ಲಿ ಅಲ್ಲಿ ಪತ್ತೆಯಾದದ್ದು. ಒಣ ತಿಂಗಳುಗಳಲ್ಲಿ ಕಾಡಂಚಿನ ಮನೆಗಳವರಿಗೆ ಇಂದಿಗೂ ಅದರ ಭಯ. ಇಂಥ ಕಡೆ ತಕ್ದೀರಿನ (ವಿಧಿಬರಹದ) ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ: ಬರೆದದ್ದೇ ಆಗುವುದಾದರೆ ಮೈಗೆ ಎಣ್ಣೆ ಹಚ್ಚಿಕೊಂಡು, ಕಾಡಿಗೆ ಹೋಗದೆ ಇದ್ದು ಏನು ಪ್ರಯೋಜನ? ಶಾಮ್ (ಸಿರಿಯಾ) ಕಡೆ ಹೊರಟಿದ್ದ ಖಲೀಫಾ ಉಮರ್ (ರ) ಅಲ್ಲಿ ಪ್ಲೇಗ್ ಇದೆಯೆಂದು ಸರ್ಗ್ ಎಂಬಲ್ಲಿಂದ ವಾಪಸು ಹೊರಟಾಗ ಅಬೂ ಉಬೈದಾ (ರ) ಇದನ್ನೇ ಕೇಳಿದರು: "ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ?" "ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಓಡುತ್ತಿದ್ದೇವೆ" ಎಂದರು ಉಮರ್. ನಿಮ್ಮ ಒಂಟೆಗಳು ಒಂದು ಕಣಿವೆಗೆ ಇಳಿದವು, ಒಂದು ಬದಿ ಹಸುರು, ಇನ್ನೊಂದು ಬದಿ ಬರಡು. ಹಸುರಲ್ಲಿ ಮೇಯಿಸಿದರೂ ಬರಡಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯಿಂದಲೇ ಅಲ್ಲವೇ ಎಂದು ಮರುಪ್ರಶ್ನೆ ಹಾಕಿದರು. ಆಮೇಲೆ ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಬಂದು, ರೋಗವಿರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಬಂದರೆ ಓಡಿಹೋಗಬೇಡಿ ಎಂಬ ಪ್ರವಾದಿ ವಚನ ತಿಳಿಸಿದರು. ಕಾಯಿಲೆ ಬರುವ ಮುಂಚೆ ಕೇಳುವವರಿಗೆ ಈ ಉತ್ತರ ಕೊಡಿ.

ಸಾವಾದ ಮನೆಯಲ್ಲಿ ಕೊಡಬೇಡಿ. ಸಹಾಬಿ ಜಅಫರ್ (ರ) ಹುತಾತ್ಮರಾದಾಗ ಪ್ರವಾದಿವರ್ಯರು (ಸ) ಹೇಳಿದ್ದು, ಅವರ ಮನೆಯವರಿಗೆ ಅಡುಗೆ ಮಾಡಿ ಕಳಿಸಿ ಎಂದು. ತಮ್ಮ ಮಗು ಇಬ್ರಾಹೀಮ್ ತೀರಿಕೊಂಡಾಗ ಅವರೂ ಅತ್ತರು: "ಕಣ್ಣು ನೀರು ಸುರಿಸುತ್ತದೆ, ಹೃದಯ ದುಃಖಿಸುತ್ತದೆ, ನಮ್ಮ ಪ್ರಭು ಮೆಚ್ಚುವುದನ್ನಷ್ಟೇ ನಾವು ಹೇಳುತ್ತೇವೆ." ದೂರು ಹೇಳಿಕೊಳ್ಳುವುದೂ ತಪ್ಪಲ್ಲ. ಗಂಡನ ಬಗ್ಗೆ ದೂರು ತಂದು ವಾದಿಸಿದ ಖೌಲಾ (ರ) ಎಂಬ ಮಹಿಳೆಯ ಮಾತನ್ನು ಅಲ್ಲಾಹ್ ಕೇಳಿದನು ಎಂದೇ ಸೂರಾ ಮುಜಾದಲಾ ಶುರುವಾಗುತ್ತದೆ.

ಉತ್ತರ ಕೊಡುವವರಿಗೆ

ಉಸ್ತಾದರಿಗೆ, ಹಜ್ರತರಿಗೆ, ತಂದೆತಾಯಿಗಳಿಗೆ ಕೆಲವು ಮಾತು. ದೇವದೂತ ಜಿಬ್ರೀಲರು (ಅ) ಬಿಳಿ ಬಟ್ಟೆಯ ಅಪರಿಚಿತನಾಗಿ ಬಂದು ಇಸ್ಲಾಮ್, ಈಮಾನ್, ಇಹ್ಸಾನ್ ಎಂದರೇನು ಎಂದು ಒಂದೊಂದಾಗಿ ಕೇಳಿದ ಹದೀಸ್ ಎಲ್ಲರಿಗೂ ಗೊತ್ತು. ಕಿಯಾಮತ್ ಯಾವಾಗ ಎಂದಾಗ ಪ್ರವಾದಿವರ್ಯರು (ಸ), "ಕೇಳಿದವನಿಗಿಂತ ಹೆಚ್ಚು ಕೇಳಿಸಿಕೊಂಡವನಿಗೂ ಗೊತ್ತಿಲ್ಲ" ಎಂದರು, ಸಹಾಬಿಗಳೆಲ್ಲರ ಎದುರಿಗೇ. ಇಮಾಮ್ ಮಾಲಿಕರನ್ನು ಒಮ್ಮೆ 48 ಪ್ರಶ್ನೆ ಕೇಳಲಾಯಿತು, 32ಕ್ಕೆ ಅವರು ಗೊತ್ತಿಲ್ಲ ಎಂದರು ಎಂಬ ವರದಿಯಿದೆ. ನಮ್ಮಲ್ಲಿ ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ ಎಂಬ ಭಯ. ಮಕ್ಕಳ ಮುಂದೆ ಅಂದಾಜಿನ ಉತ್ತರ ಕೊಟ್ಟು, ಅದು ತಪ್ಪೆಂದು ಅವರು ಮೊಬೈಲಿನಲ್ಲಿ ಕಂಡುಕೊಂಡ ದಿನ ನಿಮ್ಮ ಸರಿಯಾದ ಉತ್ತರಗಳೂ ಹೋದವು.

ಒಬ್ಬ ಯುವಕ ಬಂದು ವ್ಯಭಿಚಾರಕ್ಕೆ ಅನುಮತಿ ಕೊಡಿ ಎಂದು ಕೇಳಿದ. ಸುತ್ತ ಇದ್ದವರು ಗದರಿದರು. ಪ್ರವಾದಿವರ್ಯರು (ಸ) ಹತ್ತಿರ ಕರೆದು ಕೂರಿಸಿಕೊಂಡು, ನಿನ್ನ ತಾಯಿಗೆ ಯಾರಾದರೂ ಹಾಗೆ ಮಾಡಿದರೆ ಒಪ್ಪುತ್ತೀಯಾ, ಮಗಳಿಗೆ, ತಂಗಿಗೆ, ಅತ್ತೆಗೆ, ಚಿಕ್ಕಮ್ಮನಿಗೆ ಎಂದು ಒಬ್ಬೊಬ್ಬರನ್ನೇ ಹೆಸರಿಸಿ ಕೇಳಿದರು. ಪ್ರತಿ ಸಲವೂ ಅವನು ಇಲ್ಲ ಎಂದ. ಬೇರೆಯವರೂ ಒಪ್ಪುವುದಿಲ್ಲ ಎಂದರು. ಆಮೇಲೆ ಅವನ ಮೇಲೆ ಕೈಯಿಟ್ಟು ದುಆ (ಪ್ರಾರ್ಥನೆ) ಮಾಡಿದರು. ಮುಸ್ನದ್ ಅಹ್ಮದ್ ಎಂಬ ಹದೀಸ್ ಸಂಗ್ರಹದಲ್ಲಿರುವ ಈ ಪ್ರಸಂಗಕ್ಕೆ ಹೋಲಿಸಿದರೆ ನಮ್ಮ ಹುಡುಗರು ಕೇಳುವ ಪ್ರಶ್ನೆಗಳು ಎಷ್ಟೋ ಸೌಮ್ಯ.

ಮಸೀದಿಯಲ್ಲಿ ಪ್ರಶ್ನೆ ಪೆಟ್ಟಿಗೆ ಇಡುವುದಾದರೆ ಪಾದರಕ್ಷೆ ಬಿಡುವ ಕಡೆ ಇಡಿ, ಕಚೇರಿ ಕೋಣೆಯಲ್ಲಿ ಇಟ್ಟರೆ ಯಾರೂ ಹಾಕುವುದಿಲ್ಲ. ಹೆಣ್ಣುಮಕ್ಕಳ ಮದ್ರಸಾದಲ್ಲಿ ಇನ್ನೊಂದು ಬೇಕು. ಹೆಸರು ಬೇಡ, ಮದ್‌ಹಬ್ ಮತ್ತು ವಯಸ್ಸು ಸಾಕು. ಉರ್ದುವಿನಲ್ಲೇ ಬರೆಯಬೇಕೆಂದು ಹಟ ಹಿಡಿಯಬೇಡಿ. ಕನ್ನಡ ಶಾಲೆಯಲ್ಲಿ ಓದುವ ಹುಡುಗನಿಗೆ ಸಂಶಯ ಬರುವುದೂ ಕನ್ನಡದಲ್ಲೇ. ಚೀಟಿಗಳನ್ನು ಮೊದಲು ಬಗೆ ಮಾಡಿ: ಮಸಲೆಗಳು ಮುಫ್ತಿಗೆ, ಶುಬ್‌ಹಾಗಳು ವಾರದ ತರಗತಿಗೆ, ನೋವಿನವು ಯಾರ ಮುಂದೆಯೂ ಓದದೆ ಪಕ್ಕಕ್ಕೆ. ಪೆಟ್ಟಿಗೆ ಕೆಡುವುದು ಎರಡೇ ಕಾರಣಕ್ಕೆ. ಒಂದು, ಮೊದಲ ವಾರ ಉತ್ತರಿಸಿ ಆಮೇಲೆ ಮರೆಯುವುದು. ಇನ್ನೊಂದು, ಅಕ್ಷರ ಗುರುತು ಹಿಡಿದು "ಇದು ಇಂಥವರ ಮಗನದ್ದು" ಎಂದು ಯಾರೋ ನಗುವುದು. ಅದಾದ ಮೇಲೆ ಪೆಟ್ಟಿಗೆ ತೆಗೆದುಬಿಡಿ, ಇನ್ನು ಅದಕ್ಕೆ ಚೀಟಿ ಬೀಳುವುದಿಲ್ಲ.

ಕೇಳುವವರು ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಯಾರನ್ನು ಕೇಳಿದೆ, ಯಾವ ತಾರೀಖು, ಏನು ಹೇಳಿದರು. ಇಬ್ಬರು ಆಲಿಮರು ಎರಡು ಉತ್ತರ ಕೊಟ್ಟರೆ ಇಬ್ಬರಿಗೂ ನೀವು ಒಂದೇ ವಿವರ ಕೊಟ್ಟಿದ್ದಿರಾ ಎಂದು ಮೊದಲು ಆ ಪುಟ ನೋಡಿ. ಹಲವು ಸಲ ವ್ಯತ್ಯಾಸ ಅಲ್ಲೇ ಸಿಗುತ್ತದೆ. ವಿವರ ಒಂದೇ ಆಗಿದ್ದೂ ಉತ್ತರ ಬೇರೆಯಾದರೆ ಯಾರ ಜ್ಞಾನ ಮತ್ತು ದೇವಭಯದ ಮೇಲೆ ನಿಮಗೆ ಭರವಸೆಯಿದೆಯೋ ಅವರದ್ದನ್ನು ಹಿಡಿಯಿರಿ, ಸುಲಭವಾದದ್ದೆಂದು ಹಿಡಿಯಬೇಡಿ. ಬಲಪುಟ ಖಾಲಿ ಉಳಿದ ಪ್ರಶ್ನೆಗಳನ್ನು ರಮಝಾನಿಗೊಮ್ಮೆ ತೆಗೆದು ಓದಿ. ಕೆಲವನ್ನು ಮತ್ತೆ ಕೇಳಬೇಕೆನಿಸುತ್ತದೆ, ಕೆಲವಕ್ಕೆ ಉತ್ತರ ಓದುತ್ತ ಓದುತ್ತ ಸಿಕ್ಕಿರುತ್ತದೆ, ಅದನ್ನು ಅಲ್ಲೇ ಬರೆದುಕೊಳ್ಳಿ.